ಈಜು ಡಯಾಪರ್ ಹಿಡಿಯುವುದೇನು, ಬಿಡುವುದೇನು

ಮಾಮೂಲಿ ಡಯಾಪರ್ ತೊಟ್ಟ ಕೂಸನ್ನು ಹಾಗೇ ಈಜುಕೊಳಕ್ಕೆ ಇಳಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಸೊಂಟದ ಕೆಳಗೆ ಕುಂಬಳಕಾಯಿಯೊಂದು ಜೋತುಬಿದ್ದಿರುತ್ತದೆ. ಎತ್ತಿಕೊಂಡರೆ ಕೈ ಸೋಲುವಷ್ಟು ಭಾರ. ಅಂಚು ಬಿಟ್ಟುಕೊಂಡು ಒಳಗಿನ ಲೋಳೆ ಹರಳುಗಳು ನೀರಿಗೆ ಚೆಲ್ಲಿದವೆಂದರೆ ಕೊಳದ ಫಿಲ್ಟರ್ ತೊಳೆಯುವವನ ಪಾಡು ಯಾರಿಗೂ ಬೇಡ.

ಈ ಹರಳಿನ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಸುರುಳಿ ಸುತ್ತಿಕೊಂಡ ಉದ್ದನೆಯ ಅಣುಸರಪಳಿಗಳು; ಸರಪಳಿಯುದ್ದಕ್ಕೂ ಋಣ ವಿದ್ಯುದಂಶದ ಗುಂಪುಗಳು, ಅವುಗಳ ಜೊತೆಗೆ ಸೋಡಿಯಂ ಅಯಾನುಗಳು. ಹರಳಿನೊಳಗೆ ಅಯಾನುಗಳು ಹೆಚ್ಚು, ಹೊರಗಿನ ನೀರಿನಲ್ಲಿ ಕಡಿಮೆ. ಆಸ್ಮಾಸಿಸ್ ನಿಯಮದಂತೆ ನೀರು ಒಳಕ್ಕೆ ನುಗ್ಗುತ್ತದೆ. ಋಣಗುಂಪುಗಳು ಒಂದನ್ನೊಂದು ದೂರ ತಳ್ಳುತ್ತ ಸುರುಳಿ ಬಿಚ್ಚಿಕೊಂಡು ಜಾಗ ಮಾಡಿಕೊಡುತ್ತವೆ. ಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡಕೊಂಡಿಗಳಿರುವುದರಿಂದಷ್ಟೇ ಹರಳು ಕರಗದೆ ಉಬ್ಬುತ್ತದೆ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು. ಮೂತ್ರದಲ್ಲಿ ಉಪ್ಪಿರುವುದರಿಂದ ಅಲ್ಲಿ ಅದರ ಶಕ್ತಿ ಕೆಲವು ಹತ್ತು ಪಟ್ಟಿಗೆ ಇಳಿಯುತ್ತದೆ. ಡಯಾಪರಿನಲ್ಲಿ ಎಷ್ಟು ಹರಳು ತುಂಬಬೇಕೆಂಬ ಲೆಕ್ಕ ಹಾಕಿರುವುದು ಈ ಉಪ್ಪುನೀರಿಗೆ. ಉಪ್ಪಿಲ್ಲದ ಕೊಳದ ನೀರು ಸಿಕ್ಕಾಗ ಆ ಲೆಕ್ಕವೆಲ್ಲ ತಲೆಕೆಳಗು. (ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಈ ಸರಪಳಿಗಳನ್ನು ಬಿಗಿದು ಹಿಡಿಯುವುದರಿಂದ ಉಬ್ಬರ ತುಸು ಕಡಿಮೆ. ಸಮುದ್ರದಲ್ಲಿ ಇನ್ನೂ ಕಡಿಮೆ.)

ಇಂಥ ನೀರುಬಾಕ ವಸ್ತುವಿಗಾಗಿ 1960ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಹುಡುಕಾಟ ನಡೆದದ್ದು ಹೊಲದ ಮಣ್ಣಿನಲ್ಲಿ ತೇವ ಉಳಿಸಲೆಂದು. ಮಗುವಿನ ತೊಡೆಸಂದಿಗೆ ಅದು ಬಂದದ್ದು 1980ರ ದಶಕದಲ್ಲಿ. ಮಳೆಯಾಶ್ರಿತ ಬೇಸಾಯಕ್ಕೆಂದು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಕೂಡ ಇದರ ಬಳಗದ್ದೇ.

ಈಜು ಡಯಾಪರ್ ಎಂದರೆ ಸರಳವಾಗಿ ಹೇಳುವುದಾದರೆ ಈ ಹರಳನ್ನು ತೆಗೆದುಹಾಕಿದ ಡಯಾಪರ್. ಅದು ಉಬ್ಬುವುದಿಲ್ಲ, ಹೀರುವುದಿಲ್ಲ. ಸೊಂಟದ ಸುತ್ತ ಮತ್ತು ಎರಡು ತೊಡೆಗಳ ಸುತ್ತ ಇಲಾಸ್ಟಿಕ್ ಬಿಗಿದ ಚೀಲ, ಅಷ್ಟೇ. ಗಟ್ಟಿ ಕಕ್ಕ ಒಳಗೆ ನಿಲ್ಲುತ್ತದೆ, ನೀರು ಆಚೀಚೆ ಓಡಾಡುತ್ತದೆ, ಮೂತ್ರ ನೀರಿನ ಜೊತೆ ಹೊರಟುಹೋಗುತ್ತದೆ. ಕೊಂಡವರಲ್ಲಿ ಅನೇಕರಿಗೆ ಈ ಕೊನೆಯ ಸಂಗತಿ ಗೊತ್ತಾಗುವುದು ಮಗುವನ್ನು ಮನೆಯಲ್ಲೇ ಸಿದ್ಧಮಾಡಿ ಹೊರಟು, ಕಾರಿನ ಸೀಟು ಒದ್ದೆಯಾದ ಮೇಲೆ. ಕೊಳದ ಬಳಿ ಬಂದ ಮೇಲೆ ತೊಡಿಸಿ, ಮೇಲೆ ಬಂದ ಕೂಡಲೇ ಬಿಚ್ಚಬೇಕಾದ ಉಡುಪು ಇದು.

ಮೂತ್ರ ನೀರಿಗೆ ಸೇರಿದರೆ ದೊಡ್ಡ ಅಪಾಯವೇನಿಲ್ಲ, ಕಿರಿಕಿರಿ ಉಂಟು. ಅದರಲ್ಲಿನ ಯೂರಿಯಾ ಮುಂತಾದ ಸಾರಜನಕದ ಸಂಯುಕ್ತಗಳು ಕ್ಲೋರಿನ್ ಜೊತೆ ಸೇರಿ ಕ್ಲೋರಮೈನುಗಳಾಗುತ್ತವೆ. ಕಣ್ಣು ಕೆಂಪಾಗಿಸುವುದು, ಮೂಗಿಗೆ ಅಡರುವ ಘಾಟು ಎಬ್ಬಿಸುವುದು ಇವೇ. ಘಾಟು ಜೋರಾಗಿದ್ದರೆ ಕೊಳ ಬಹಳ ಚೊಕ್ಕಟವಾಗಿದೆ ಎಂದು ನಂಬುವವರಿದ್ದಾರೆ. ನಿಜ ಬಹುಮಟ್ಟಿಗೆ ಅದಕ್ಕೆ ಉಲ್ಟಾ.

ಅಂಗಡಿಯಲ್ಲಿ ಸಿಗುವುದು ಎರಡು ಬಗೆ. ಒಂದು, ಒಮ್ಮೆ ಬಳಸಿ ಎಸೆಯುವಂಥದ್ದು: ನೇಯದ ಪಾಲಿಪ್ರೊಪಿಲೀನ್ ಬಟ್ಟೆ, ಒಳಗೆ ತೆಳ್ಳನೆಯ ಪದರ, ಪಕ್ಕದಲ್ಲಿ ಹರಿದು ತೆಗೆಯಲು ಬರುವ ಅಂಚು. ಇನ್ನೊಂದು, ಒಗೆದು ಬಳಸುವಂಥದ್ದು: ಒಳಗೆ ನೆಟ್ ಬಟ್ಟೆ, ಹೊರಗೆ ಪಾಲಿಯುರೆಥೇನ್ ಲೇಪಿಸಿದ ಪಾಲಿಯೆಸ್ಟರ್ ಅಥವಾ ಮುಳುಗುಗಾರರ ಉಡುಪಿನ ನಿಯೋಪ್ರೀನ್, ಹಾಕಿ ಬಿಚ್ಚಲು ಟಿಚ್ ಬಟನ್. ಬ್ರಿಟನ್ನಿನಲ್ಲಿ ಕೂಸುಗಳಿಗೆ ಈಜು ಕಲಿಸುವ ಅನೇಕ ಶಾಲೆಗಳು ಎರಡನ್ನೂ ಒಟ್ಟಿಗೆ ಕೇಳುತ್ತವೆ. ಒಳಗೊಂದು ತೆಳು ಡಯಾಪರ್, ಅದರ ಮೇಲೆ ಬಿಗಿಯಾದ ನಿಯೋಪ್ರೀನ್ ಚಡ್ಡಿ.

ಎರಡರಲ್ಲಿ ಯಾವುದು ನೀರನ್ನು ಹೆಚ್ಚು ಚೊಕ್ಕಟವಾಗಿಡುತ್ತದೆ ಎಂದು ಕೇಳಿದರೆ ಬರುವ ಉತ್ತರ ತಯಾರಕರಿಗೆ ಹಿಡಿಸುವಂಥದ್ದಲ್ಲ. ಗಟ್ಟಿ ಮಲದ ಮಟ್ಟಿಗೆ, ಅಳತೆ ಸರಿಯಿದ್ದರೆ ಎರಡೂ ಚೆನ್ನಾಗಿವೆ. ಆದರೆ ಈಜುಕೊಳದ ಅಸಲಿ ಶತ್ರು ಬೇರೆ, ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರೋಪಜೀವಿ. ಭೇದಿ ತರುವ ಈ ಜೀವಿ ಕರುಳಿನಿಂದ ಹೊರಬರುವುದು ಗಟ್ಟಿ ಚಿಪ್ಪಿನ ಕೋಶವಾಗಿ, 4ರಿಂದ 6 ಮೈಕ್ರಾನ್ ಗಾತ್ರದಲ್ಲಿ. ಸೋಂಕಿತರ ಒಂದು ಸಲದ ಭೇದಿಯಲ್ಲಿ ಇಂಥವು ಕೋಟಿಗಟ್ಟಲೆ ಇರಬಹುದು. ಇನ್ನೊಬ್ಬರಿಗೆ ಕಾಯಿಲೆ ಹತ್ತಲು ಹತ್ತು ಸಾಕು. 1 ಪಿಪಿಎಂ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲೈನ ಅಪಾಯಕಾರಿ ತಳಿಯೂ ಒಂದು ನಿಮಿಷದೊಳಗೆ ಸಾಯುತ್ತದೆ. ಜಿಯಾರ್ಡಿಯಾ ಎಂಬ ಇನ್ನೊಂದು ಪರೋಪಜೀವಿಗೆ ಸುಮಾರು ಮುಕ್ಕಾಲು ಗಂಟೆ ಬೇಕು. ಕ್ರಿಪ್ಟೊಸ್ಪೊರಿಡಿಯಂ ಅದೇ ನೀರಿನಲ್ಲಿ ಹತ್ತು ದಿನಕ್ಕೂ ಮೀರಿ ಬದುಕುತ್ತದೆ.

ಡಯಾಪರ್ ಇದನ್ನು ತಡೆಯುತ್ತದೆಯೇ? ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕೇಂದ್ರದ ಸಂಶೋಧಕರು ಒಮ್ಮೆ ಬಳಸಿ ಎಸೆಯುವ ಈಜು ಡಯಾಪರುಗಳೊಳಗೆ ಈ ಕೋಶದಷ್ಟೇ ಗಾತ್ರದ, 5 ಮೈಕ್ರಾನಿನ ಪ್ಲಾಸ್ಟಿಕ್ ಮಣಿಗಳನ್ನಿಟ್ಟು, ಅವನ್ನು ತೊಟ್ಟವರನ್ನು ನೀರಿಗಿಳಿಸಿ ಅಳೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಣಿಗಳು ಒಂದರಿಂದ ಐದು ನಿಮಿಷದೊಳಗೆ ನೀರಿಗೆ ಬಂದಿದ್ದವು. ಹತ್ತು ನಿಮಿಷ ಕಳೆಯುವುದರೊಳಗೆ ಮುಕ್ಕಾಲು ಪಾಲಿಗೂ ಮಿಕ್ಕಿ ಹೊರಗಿತ್ತು. ಒಗೆಯುವ ಡಯಾಪರಿನ ಬಿಗಿ ಇಲಾಸ್ಟಿಕ್ ಇದನ್ನು ತುಸು ತಡಮಾಡೀತು. ಆದರೆ ನೀರು ಓಡಾಡುವ ಯಾವ ಚೀಲವೂ ನೀರಿನಲ್ಲಿ ತೇಲುವ ಮೈಕ್ರಾನ್ ಗಾತ್ರದ ವಸ್ತುವನ್ನು ಹಿಡಿದಿಡಲಾರದು ಎಂಬುದಕ್ಕೆ ಪ್ರಯೋಗಾಲಯವೇ ಬೇಕಿಲ್ಲ.

ಹಾಗಾಗಿ ಹೊಟ್ಟೆ ಕೆಟ್ಟ ಮಗುವಿಗೆ ಯಾವ ಡಯಾಪರೂ ಪರವಾನಗಿ ಪತ್ರವಲ್ಲ. ಭೇದಿ ಆಗುತ್ತಿದ್ದರೆ ನೀರಿಗಿಳಿಸಕೂಡದು. ಭೇದಿ ಕ್ರಿಪ್ಟೊಸ್ಪೊರಿಡಿಯಂನದ್ದೆಂದು ಗೊತ್ತಾದರೆ ನಿಂತ ಮೇಲೂ ಎರಡು ವಾರ ಬಿಡಬೇಕು, ಏಕೆಂದರೆ ಅಲ್ಲಿಯವರೆಗೂ ಕೋಶಗಳು ಹೊರಬೀಳುತ್ತಿರಬಹುದು. ದೂರದ ದೇಶದ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ. ಕೋಲ್ಕತ್ತಾ ಸೇರಿದಂತೆ ಏಷ್ಯಾ ಮತ್ತು ಆಫ್ರಿಕಾದ ಏಳು ಕಡೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಎಳೆಮಕ್ಕಳ ತೀವ್ರ ಭೇದಿಗೆ ಕಾರಣವಾದ ಮುಖ್ಯ ರೋಗಾಣುಗಳ ಸಾಲಿನಲ್ಲಿ ಇದೂ ಇತ್ತು. ಕೊಳದಲ್ಲಿ ಮಗುವಿಗೆ ಭೇದಿಯಾದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವ ಚಿಕಿತ್ಸೆ ಎಂದರೆ ಎಲ್ಲರನ್ನೂ ಮೇಲೆ ಕಳಿಸಿ, ಕ್ಲೋರಿನ್ ಮಟ್ಟವನ್ನು 20 ಪಿಪಿಎಂಗೆ ಏರಿಸಿ, ಹನ್ನೆರಡೂ ಮುಕ್ಕಾಲು ಗಂಟೆ ಹಾಗೇ ಇಡುವುದು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇಷ್ಟು ಮಾಡುವವರು ಎಷ್ಟು ಜನ ಎಂಬುದು ಆಯಾ ಸಂಘದ ಕಾರ್ಯದರ್ಶಿಗಳಿಗೆ ಬಿಟ್ಟದ್ದು.

ಸೋಂಕಿನ ವಿಷಯದಲ್ಲಿ ಎರಡೂ ಒಂದೇ ಎಂದಾದ ಮೇಲೆ ಆಯ್ಕೆಗೆ ಉಳಿಯುವುದು ಖರ್ಚು, ಕಸ ಮತ್ತು ಅಳತೆ.

ಖರ್ಚಿನ ಲೆಕ್ಕ ಸಲೀಸು. ವರ್ಷಕ್ಕೊಮ್ಮೆ ಚಿಕ್ಕಮಗಳೂರಿನ ರೆಸಾರ್ಟಿಗೆ ಹೋಗುವವರಿಗೆ ಎಸೆಯುವ ಡಯಾಪರಿನ ಸಣ್ಣ ಪ್ಯಾಕೆಟ್ ಸಾಕು. ವಾರವಾರ ಕೊಳಕ್ಕೆ ಕರೆದೊಯ್ಯುವವರು ಒಗೆಯುವಂಥದ್ದು ಎರಡು ಇಟ್ಟುಕೊಂಡರೆ ಬೇಗನೆ ಲಾಭಕ್ಕೆ ಬರುತ್ತಾರೆ.

ಕಸದ ಲೆಕ್ಕ ಅಷ್ಟು ನೇರವಿಲ್ಲ. ಇಂಗ್ಲೆಂಡಿನ ಪರಿಸರ ಸಂಸ್ಥೆ 2008ರಲ್ಲಿ ಮಾಮೂಲಿ ಡಯಾಪರುಗಳ ಹುಟ್ಟಿನಿಂದ ಕೊನೆಯವರೆಗಿನ ಲೆಕ್ಕ ಪ್ರಕಟಿಸಿತು. ಒಂದು ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವಂಥವುಗಳಿಂದ ಸುಮಾರು 550 ಕಿಲೊ ಇಂಗಾಲದ ಹೊರೆ, ಬಟ್ಟೆಯದರಿಂದ 570 ಕಿಲೊ. ಅಂದರೆ ಬಟ್ಟೆಯದೇ ಒಂದು ಕೈ ಮೇಲು! ಬಿಸಿನೀರಿನಲ್ಲಿ ಒಗೆದು ಡ್ರೈಯರಿನಲ್ಲಿ ಒಣಗಿಸುವುದರ ಫಲ ಇದು. ಯಂತ್ರ ಪೂರ್ತಿ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಹಾಕಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಆ ಹೊರೆ ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ಹಗ್ಗಕ್ಕೆ ಹರವಿ, ತಮ್ಮನಿಗೋ ತಂಗಿಗೋ ಎತ್ತಿಡುವ ಮನೆಗಳಲ್ಲಿ ಈ ವಾದ ತಾನಾಗಿಯೇ ಬಟ್ಟೆಯ ಕಡೆಗೆ ವಾಲುತ್ತದೆ. ಅದೂ ಅಲ್ಲದೆ ಕ್ಲೋರಿನ್ನಿಗೆ ಜಗ್ಗದ ಆ ಕೋಶ ಪೂರ್ತಿ ಒಣಗಿದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಮಲೆನಾಡಿನ ಮಳೆಗಾಲದಲ್ಲೂ ಪಾಲಿಯೆಸ್ಟರ್ ನೆಟ್ ಬೇಗ ಒಣಗುತ್ತದೆ. ನಿಯೋಪ್ರೀನ್ ಮಾತ್ರ ಸತಾಯಿಸುತ್ತದೆ.

ಎಸೆಯುವಂಥದ್ದನ್ನು ಆರಿಸಿಕೊಂಡರೆ ಕಾಗದದಲ್ಲಿ ಸುತ್ತಿ, ಬೇರೆಯಾಗಿ ಕೊಡಬೇಕು. 2016ರ ಘನತ್ಯಾಜ್ಯ ನಿಯಮಗಳು ಸುತ್ತಿ ಕೊಡಬೇಕೆಂದೇ ಹೇಳಿದ್ದವು. ಬೆಂಗಳೂರಿನಲ್ಲಿ ಪೌರಕಾರ್ಮಿಕರು ಇದನ್ನು ಸ್ಯಾನಿಟರಿ ಕಸವೆಂದು ಪ್ರತ್ಯೇಕವಾಗಿ ಕೇಳುತ್ತಾರೆ. ಹಾಗೇ ಬಿಸಾಡಿದರೆ ಅದನ್ನು ಬರಿಗೈಯಲ್ಲಿ ವಿಂಗಡಿಸುವವರು ಅವರೇ. ಒಗೆಯುವಂಥದ್ದಾದರೆ ಕಕ್ಕವನ್ನು ಕಮೋಡಿಗೆ ಹಾಕಿ, ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು. ಬಟ್ಟೆ ಮೆದುಮಾಡುವ ದ್ರವ ಬೇಡ. ಬರೀ ನೀರಾಟವಾಡಿ ಬಂದ ದಿನವೂ ಜಾಲಿಸಲೇಬೇಕು, ಕ್ಲೋರಿನ್ ಇಲಾಸ್ಟಿಕ್ಕನ್ನು ತಿನ್ನುತ್ತದೆ.

ಇನ್ನು ಅಳತೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ, ನಾವು ಎಡವುವುದೂ ಇಲ್ಲೇ. 'ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ' ಎಂದು ಅಜ್ಜಿಯರು ಹೇಳುವುದು ಫ್ರಾಕಿಗೆ ಸರಿ, ಈಜು ಡಯಾಪರಿಗೆ ಸರಿಯಲ್ಲ. ತೊಡೆಯ ಬಳಿ ಸಂದು ಬಿಟ್ಟರೆ ಅದು ಚೀಲವಾಗಿ ಉಳಿಯುವುದೇ ಇಲ್ಲ. ತೊಡಿಸಿದ ಮೇಲೆ ಮಗುವನ್ನು ಕುಕ್ಕರುಗಾಲಲ್ಲಿ ಕೂರಿಸಿ ನೋಡಿ: ಇಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡಿರಬೇಕು, ಕೆಂಪು ಬರೆ ಮೂಡಬಾರದು. ತೊಡೆ ತೆಳ್ಳಗಿರುವ ಮಕ್ಕಳಿಗೆ ಟಿಚ್ ಬಟನ್ನಿನಿಂದ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದು ಒದಗುತ್ತದೆ. ದಷ್ಟಪುಷ್ಟ ತೊಡೆಗಳಿಗೆ ಹೆಚ್ಚುಕಡಿಮೆ ಎಲ್ಲವೂ ಕೂರುತ್ತವೆ.

ಗಂಟೆಗೊಮ್ಮೆಯಾದರೂ ಮಗುವನ್ನು ಮೇಲೆತ್ತಿ ನೋಡಬೇಕು. ಬದಲಿಸುವುದು ಕೊಳದ ಕಟ್ಟೆಯ ಮೇಲೆ ಬೇಡ, ಬಚ್ಚಲುಮನೆಯಲ್ಲಿ. ಕಟ್ಟೆ ತೊಳೆದ ನೀರು ಮತ್ತೆ ಕೊಳಕ್ಕೇ ಇಳಿಯುತ್ತದೆ. ಮಕ್ಕಳ ಕೊಳಕ್ಕೆ ಇಳಿಸುವ ಮುನ್ನ ನಿರ್ವಾಹಕನನ್ನು ಅವತ್ತಿನ ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು ಎಂದು ಕೇಳಿ. ಕ್ಲೋರಿನ್ 1 ಪಿಪಿಎಂಗೆ ಕಡಿಮೆಯಿರಬಾರದು, ಪಿಎಚ್ 7ರಿಂದ 7.8ರ ನಡುವೆ ಇರಬೇಕು. ಮಕ್ಕಳ ಕೊಳ ಆಳವಿಲ್ಲದ್ದು, ನೀರು ಬೇಗ ಬಿಸಿಯಾಗುತ್ತದೆ, ಬಿಸಿಲು ಕ್ಲೋರಿನ್ನನ್ನು ಬೇಗ ಒಡೆಯುತ್ತದೆ. ಬೆಳಿಗ್ಗೆ ಬರೆದಿಟ್ಟ ಅಂಕಿ ಮಧ್ಯಾಹ್ನಕ್ಕೆ ಉಳಿದಿರುವುದಿಲ್ಲ, ಮತ್ತೊಮ್ಮೆ ಅಳೆಯಲು ಹೇಳಿ.