ಅಳತೆಪಟ್ಟಿಗೆ ಸಿಗದ ಆಟಗಾರ

2008ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ಜೆಟ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆಟಗಾರನೊಬ್ಬನನ್ನು ಆರಿಸಿಕೊಂಡಿತು. ಹೆಸರು ವರ್ನನ್ ಗೋಲ್ಸ್ಟನ್. ಆರಡಿ ಮೂರಂಗುಲ ಎತ್ತರ, 120 ಕಿಲೋ ತೂಕ. ಆಯ್ಕೆಗೆ ಮುಂಚಿನ ದೈಹಿಕ ಪರೀಕ್ಷೆಯಲ್ಲಿ ಬೆಂಚಿನ ಮೇಲೆ ಮಲಗಿ 102 ಕಿಲೋ ಭಾರವನ್ನು ಒಂದಲ್ಲ, ಎರಡಲ್ಲ, 37 ಸಲ ಎತ್ತಿದ್ದ. ಅಷ್ಟು ದೊಡ್ಡ ದೇಹ ಹೊತ್ತೂ ಚಿಗರೆಯಂತೆ ಓಡಿದ್ದ. ಹಿಂದಿನ ವರ್ಷ ಕಾಲೇಜು ಪಂದ್ಯಗಳಲ್ಲಿ 14 ಸಲ ಎದುರಾಳಿ ನಾಯಕನನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದ್ದ. ಆ ವರ್ಷದ ಇಡೀ ಆಯ್ಕೆಯಲ್ಲಿ ಅವನದು ಆರನೆಯ ಸ್ಥಾನ.

ಜೆಟ್ಸ್ ಪರವಾಗಿ ಆತ ಮೂರು ವರ್ಷಗಳಲ್ಲಿ 45 ಪಂದ್ಯಗಳನ್ನಾಡಿದ. ಹಾಗೆ ನೆಲಕ್ಕೆ ಕೆಡವಿದ್ದು ಎಷ್ಟು ಸಲ? ಒಂದು ಸಲವೂ ಇಲ್ಲ. 2011ರಲ್ಲಿ ತಂಡ ಅವನನ್ನು ಕೈಬಿಟ್ಟಿತು.

ಇದಕ್ಕೆ ಐದು ವರ್ಷ ಮೊದಲು, 2003ರಲ್ಲಿ, ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ನಡೆದಿತ್ತು. ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಟೆರೆಲ್ ಸಗ್ಸ್ ಕಾಲೇಜಿನ ಕೊನೆಯ ವರ್ಷ ಅದೇ ಕೆಲಸವನ್ನು 24 ಸಲ ಮಾಡಿ ದಾಖಲೆ ಬರೆದಿದ್ದ. ಆದರೆ ಗಡಿಯಾರ ಹಿಡಿದು ಓಡಿಸಿದಾಗ ಆತ ತಜ್ಞರು ನಿರೀಕ್ಷಿಸಿದ್ದಷ್ಟು ವೇಗವಾಗಿ ಓಡಲಿಲ್ಲ. 'ಇವನು ನಿಧಾನ' ಎಂಬ ಮಾತು ಹಬ್ಬಿತು. ತಂಡದ ಮೇಲೆ ತಂಡ ಅವನನ್ನು ದಾಟಿ ಮುಂದೆ ಹೋಯಿತು. ಹತ್ತನೆಯ ಸರದಿಯ ಬಾಲ್ಟಿಮೋರ್ ರೇವನ್ಸ್ ತಂಡಕ್ಕೂ ಅಂದು ನಿಜವಾಗಿ ಬೇಕಿದ್ದವನು ಬೇರೊಬ್ಬ. ಅವನಿಗಾಗಿ ಮೇಲಿನ ಸರದಿಯೊಂದನ್ನು ಪಡೆಯುವ ವ್ಯವಹಾರ ಕೊನೆಯ ಗಳಿಗೆಯಲ್ಲಿ ಮುರಿದುಬಿದ್ದುದರಿಂದ ಸಗ್ಸ್ ಅದರ ಪಾಲಿಗೆ ಬಂದ. ಆ 'ನಿಧಾನದ' ಹುಡುಗ ಮೊದಲ ವರ್ಷವೇ ರಕ್ಷಣಾ ವಿಭಾಗದ ಶ್ರೇಷ್ಠ ಹೊಸಬ ಎನಿಸಿಕೊಂಡ, 2011ರಲ್ಲಿ ಇಡೀ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನಾದ. ನಿವೃತ್ತನಾಗುವಾಗ ಅವನ ಲೆಕ್ಕದಲ್ಲಿ 139 'ಸ್ಯಾಕ್'ಗಳಿದ್ದವು.

ಅದೇ ಲೀಗು, ಅದೇ ಪರೀಕ್ಷೆ, ಅದೇ ಅನುಭವಸ್ಥ ಪರೀಕ್ಷಕರು. ಹಾಗಾದರೆ ಎಡವಿದ್ದು ಎಲ್ಲಿ?

ಮೂರು ಸೆಕೆಂಡಿನ ಕಸುಬು

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಮುಂದಿರುವ ಜೊತೆಗಾರನಿಗೆ ಎಸೆಯುತ್ತಾರೆ. ಹಾಗೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ದಾಳಿಯ ಸೂತ್ರಧಾರ ಅವನೇ. ಅವನು ಚೆಂಡು ಎಸೆಯುವ ಮೊದಲೇ ಅವನ ಮೇಲೆ ನುಗ್ಗಿ ಕೆಡವುವವನು ಪಾಸ್ ರಷರ್. ಹಾಗೆ ಕೆಡವುವುದಕ್ಕೆ ಸ್ಯಾಕ್ ಎಂದು ಹೆಸರು.

ಕೇಳಲು ಸುಲಭ. ಆದರೆ ದಾರಿಗಡ್ಡ ಟ್ಯಾಕಲ್ ಎಂಬ ಕಾವಲುಗಾರ ನಿಂತಿರುತ್ತಾನೆ. ಅವನ ತೂಕ 140 ಕಿಲೋ ಆಸುಪಾಸು, ತೋಳು ಆಲದ ಬಿಳಲಿನ ಹಾಗೆ. ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡಿನೊಳಗೆ ಚೆಂಡನ್ನು ಕೈಬಿಡುತ್ತಾನೆ. ಅಷ್ಟರೊಳಗೆ ಈ ದೈತ್ಯನನ್ನು ದೂಡಿಯೋ ವಂಚಿಸಿಯೋ ಬಳಸಿಯೋ ಮುಂದೆ ಹೋಗಬೇಕು. ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ರೈಡರ್ ಬರಿಯ ಬಲಶಾಲಿಯಲ್ಲ. ಎದುರಾಳಿಯ ಕಾಲು ಯಾವಾಗ ನೆಲ ಬಿಡುತ್ತದೆ ಎಂಬುದನ್ನು ಅವನ ಕಣ್ಣು ಬಲ್ಲದು.

ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜುಗಳಿಂದ ಹೊರಬರುವ ಆಟಗಾರರನ್ನು ಅವು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಇದೇ ಡ್ರಾಫ್ಟ್. 1936ರಲ್ಲಿ ಮೊದಲ ಡ್ರಾಫ್ಟ್ ನಡೆದಾಗ ಮೊಟ್ಟಮೊದಲು ಆಯ್ಕೆಯಾದ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ವೃತ್ತಿಪರ ಆಟಕ್ಕೆ ಇಳಿಯಲೇ ಇಲ್ಲ, ಬೇರೆ ಉದ್ಯೋಗ ಹಿಡಿದ! ಆಗ ಈ ಆಟದಲ್ಲಿ ಹಣ ಅಷ್ಟಕ್ಕಷ್ಟೇ. ಈಗ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗ ಆ ರಾತ್ರಿಯೇ ಕೋಟ್ಯಧೀಶ. ತಪ್ಪಿ ಆರಿಸಿದ ತಂಡಕ್ಕೆ ಮಾತ್ರ ಆ ಸರದಿ ಮತ್ತೆ ಬರುವುದಿಲ್ಲ.

ಇಂಡಿಯಾನಾಪೊಲಿಸ್‌ನ ಪರೀಕ್ಷೆ

ಡ್ರಾಫ್ಟಿಗೆ ಮೊದಲು, ಚಳಿಗಾಲದ ಕೊನೆಯಲ್ಲಿ, ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸುತ್ತಾರೆ. 1987ರಿಂದ ಅಲ್ಲಿ ನಡೆಯುತ್ತಿರುವ ಈ ಮೇಳಕ್ಕೆ ಕಂಬೈನ್ ಎಂದು ಹೆಸರು. 40 ಗಜದ ಓಟ, ಭಾರ ಎತ್ತುವುದು, ನಿಂತಲ್ಲಿಂದ ಜಿಗಿತ, ಉದ್ದ ನೆಗೆತ. ತೋಳಿನ ಉದ್ದ, ಅಂಗೈ ಅಗಲ ಎಲ್ಲವನ್ನೂ ಅಳೆಯುತ್ತಾರೆ. ವೈದ್ಯರು ಹಳೆಯ ಗಾಯಗಳನ್ನೆಲ್ಲ ಕೆದಕುತ್ತಾರೆ. ತಂಡಗಳ ಪಾಲಿಗೆ ಬಹುಶಃ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ವೈದ್ಯಕೀಯ ತಪಾಸಣೆಯೇ. ಆದರೆ ಟಿ.ವಿ.ಯಲ್ಲಿ ಕಾಣುವುದು ಓಟ ಮಾತ್ರ.

40 ಗಜ ಎಂದರೆ ಮೂವತ್ತಾರೂವರೆ ಮೀಟರು. ಪಾಸ್ ರಷರ್ ಪಂದ್ಯದಲ್ಲಿ ಅಷ್ಟು ದೂರ ನೇರವಾಗಿ ಓಡುವ ಸಂದರ್ಭ ತೀರಾ ಅಪರೂಪ. ಅವನ ಗುರಿ ಇರುವುದು ಏಳೆಂಟು ಗಜದಾಚೆ, ಅದೂ ಒಂದು ತಿರುವಿನ ಹಿಂದೆ. ಆದ್ದರಿಂದ ತಿಳಿದವರು ಓಟದ ಒಟ್ಟು ಸಮಯಕ್ಕಿಂತ ಮೊದಲ ಹತ್ತು ಗಜದ ಸಮಯವನ್ನು ನೋಡುತ್ತಾರೆ. ಇನ್ನೊಂದು 'ತ್ರೀ ಕೋನ್' ಪರೀಕ್ಷೆ: ಐದೈದು ಗಜ ಅಂತರದಲ್ಲಿ ಇಟ್ಟ ಮೂರು ಶಂಕುಗಳನ್ನು ಸುತ್ತಿ ಬರುವ ಓಟ. ದೇಹವನ್ನು ನೆಲದ ಕಡೆಗೆ ಬಾಗಿಸಿ, ವೇಗ ಕಳೆದುಕೊಳ್ಳದೆ ತಿರುಗಬಲ್ಲನೇ ಎಂಬುದು ಅಲ್ಲಿ ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ಭಾರ ಎತ್ತುವುದು? ಅದರಿಂದ ತಿಳಿಯುವುದು ಭಾರ ಎತ್ತುವ ಶಕ್ತಿ, ಅಷ್ಟೇ. ಕಬ್ಬಿಣದ ಸರಳು ತಿರುಗಿ ದೂಡುವುದಿಲ್ಲವಲ್ಲ!

ಪರೀಕ್ಷೆ ಇದ್ದಲ್ಲಿ ಪರೀಕ್ಷೆಗೆಂದೇ ತಯಾರಿಯೂ ಹುಟ್ಟಿಕೊಳ್ಳುತ್ತದೆ. ಟ್ಯೂಷನ್ನಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಿಲ್ಲ. 1995ರಲ್ಲಿ ಬಾಸ್ಟನ್ ಕಾಲೇಜಿನ ಮೈಕ್ ಮಮುಲ ಕಂಬೈನ್‌ನ ಪರೀಕ್ಷೆಗಳನ್ನೇ ಮುಂದಿಟ್ಟುಕೊಂಡು ಅಭ್ಯಾಸ ಮಾಡಿ ಬಂದು ಎಲ್ಲರನ್ನೂ ಬೆರಗುಗೊಳಿಸಿದ. ಫಿಲಡೆಲ್ಫಿಯಾ ಈಗಲ್ಸ್ ತಂಡ ತನ್ನ 12ನೆಯ ಸರದಿಯನ್ನೂ ಜೊತೆಗೆ ಎರಡನೆಯ ಸುತ್ತಿನ ಎರಡು ಸರದಿಗಳನ್ನೂ ಟ್ಯಾಂಪಾ ಬೇ ತಂಡಕ್ಕೆ ಬಿಟ್ಟುಕೊಟ್ಟು, ಮೇಲಕ್ಕೆ ಬಂದು ಏಳನೆಯ ಸ್ಥಾನದಲ್ಲಿ ಅವನನ್ನು ಆರಿಸಿತು. ಮಮುಲ ತೀರಾ ಕಳಪೆ ಆಟಗಾರನೇನಲ್ಲ. ವೃತ್ತಿಜೀವನದಲ್ಲಿ ಮೂವತ್ತೊಂದೂವರೆ ಸ್ಯಾಕ್ ಗಳಿಸಿದ. ಆದರೆ ಟ್ಯಾಂಪಾ ಬೇ ಆ 12ನೆಯ ಸರದಿಯಲ್ಲಿ ವಾರನ್ ಸ್ಯಾಪ್‌ನನ್ನು ತೆಗೆದುಕೊಂಡಿತು, ಅದೇ ದಿನ ಮತ್ತೊಂದು ವಿನಿಮಯ ಮಾಡಿಕೊಂಡು ಡೆರಿಕ್ ಬ್ರೂಕ್ಸ್‌ನನ್ನೂ ಸೇರಿಸಿಕೊಂಡಿತು. ಅವರಿಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು.

ಪಂದ್ಯದ ಚಿತ್ರ ಹೇಳುವುದೇನು?

ಓಟ ನಂಬುವಂತಿಲ್ಲವಾದರೆ ಸ್ಯಾಕ್‌ಗಳನ್ನು ಎಣಿಸಿದರಾಯಿತು ಎನ್ನಬಹುದು. ಅಲ್ಲಿಯೂ ಮೋಸವಿದೆ. ಗೋಲ್ಸ್ಟನ್‌ಗೂ 14 ಇದ್ದವು! ಕೆಲವು ಸ್ಯಾಕ್‌ಗಳು ದುಡಿದು ಗಳಿಸಿದವು, ಕೆಲವು ಮಡಿಲಿಗೆ ಬಿದ್ದವು. ಎದುರಾಳಿಗಳು ಗೊಂದಲದಲ್ಲಿ ಇವನನ್ನು ತಡೆಯುವುದನ್ನೇ ಮರೆತಿರಬಹುದು. ಕ್ವಾರ್ಟರ್‌ಬ್ಯಾಕ್ ಇನ್ನೊಬ್ಬನಿಂದ ತಪ್ಪಿಸಿಕೊಳ್ಳಲು ಹೋಗಿ ಇವನ ಕೈಗೆ ಸಿಕ್ಕಿರಬಹುದು. ಲೆಕ್ಕದ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಬೆಲೆ.

ಹಾಗಾಗಿ ಒಳ್ಳೆಯ ಪರೀಕ್ಷಕ, ಅವರ ಭಾಷೆಯಲ್ಲಿ ಸ್ಕೌಟ್, ಸ್ಯಾಕ್ ಆಗದ ಆಟಗಳನ್ನು ಹೆಚ್ಚು ನೋಡುತ್ತಾನೆ. ಕತ್ತಲೆ ಕೋಣೆಯಲ್ಲಿ ಕುಳಿತು ಒಂದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡುವ ಬೇಸರದ ಕೆಲಸ ಅದು. ಚೆಂಡು ಅಲುಗಿದ ಕ್ಷಣದಲ್ಲಿ ಉಳಿದವರಿಗಿಂತ ಮೊದಲು ಈತ ನೆಲ ಬಿಟ್ಟನೇ? ಟ್ಯಾಕಲ್‌ನ ಕೈ ಎದೆಗೆ ತಾಗುವ ಮುನ್ನ ಅದನ್ನು ಹೊಡೆದು ಬದಿಗೆ ಸರಿಸಿದನೇ? ಮೊದಲ ಪಟ್ಟು ವಿಫಲವಾದರೆ ಎರಡನೆಯದು ಇದೆಯೇ, ಅಥವಾ ಅಲ್ಲಿಯೇ ಅಂಟಿಕೊಂಡು ನಿಂತನೇ? ತಂಡ 30 ಅಂಕ ಹಿಂದಿರುವಾಗ, ಕೊನೆಯ ಹತ್ತು ನಿಮಿಷ, ಯಾರೂ ನೋಡದಿರುವಾಗ ಹೇಗೆ ಓಡುತ್ತಾನೆ?

ಬಹಳಷ್ಟು ಹುಡುಗರು ಕಾಲೇಜಿನಲ್ಲಿ ಬರಿಯ ವೇಗದಿಂದಲೇ ಗೆಲ್ಲುತ್ತಾರೆ. ಎದುರಿಗಿರುವವನು ಮುಂದೆ ಎಂಜಿನಿಯರೋ ಮಾಸ್ತರೋ ಆಗುವ ಹುಡುಗ. ಎಲ್ಲರೂ ಎನ್‌ಎಫ್‌ಎಲ್ ಮುಟ್ಟುವವರಲ್ಲ. ಮೇಲಿನ ಲೀಗಿನಲ್ಲಿ ಪ್ರತಿ ವಾರವೂ ಎದುರಾಗುವ ಟ್ಯಾಕಲ್ ತನ್ನ ಕಾಲೇಜಿನ ಅತ್ಯುತ್ತಮ ಆಟಗಾರನಾಗಿದ್ದವನು. ಅಲ್ಲಿ ವೇಗ ಎಲ್ಲರಿಗೂ ಇದೆ. ಕೈಚಳಕ ಕಲಿತಿರದವನು ಅಲ್ಲಿ ಸಿಕ್ಕಿಬೀಳುತ್ತಾನೆ. ವಯಸ್ಸೂ ನೋಡಬೇಕಾದ ವಿಷಯವೇ. ಇಪ್ಪತ್ತನಾಲ್ಕರ ಯುವಕ ಹತ್ತೊಂಬತ್ತರ ಹುಡುಗರ ಮೇಲೆ ಗಳಿಸಿದ ಸ್ಯಾಕ್‌ಗಳಿಗೂ, ಇಪ್ಪತ್ತರ ಹುಡುಗ ತನಗಿಂತ ದೊಡ್ಡವರ ಮೇಲೆ ಗಳಿಸಿದ್ದಕ್ಕೂ ವ್ಯತ್ಯಾಸವಿದೆ.

ಸಣ್ಣ ಕಾಲೇಜಿನವರ ಕಷ್ಟ ಬೇರೆಯೇ. ಅವರ ಎದುರಾಳಿಗಳೇ ದುರ್ಬಲರು ಎಂಬ ಅನುಮಾನ ಯಾವಾಗಲೂ ಬೆನ್ನಿಗಿರುತ್ತದೆ. ಐಡಾಹೋ ಸ್ಟೇಟ್‌ನಂಥ ಕಡಿಮೆ ಹೆಸರಿನ ವಿಶ್ವವಿದ್ಯಾಲಯದಿಂದ ಬಂದ ಜರೆಡ್ ಆಲನ್ 2004ರಲ್ಲಿ ನಾಲ್ಕನೆಯ ಸುತ್ತಿನವರೆಗೂ, ಅಂದರೆ 125 ಹೆಸರುಗಳನ್ನು ಕೂಗಿ ಮುಗಿಯುವವರೆಗೂ, ಕಾಯಬೇಕಾಯಿತು. 2011ರ ಒಂದೇ ವರ್ಷದಲ್ಲಿ 22 ಸ್ಯಾಕ್, ಒಟ್ಟು 136, ಕೊನೆಗೆ 2025ರಲ್ಲಿ ಹಾಲ್ ಆಫ್ ಫೇಮ್. ಇಂಥವರನ್ನು ಅಳೆಯಲು ಅಲಬಾಮಾದ ಮೊಬೀಲ್ ನಗರದಲ್ಲಿ ನಡೆಯುವ ಸೀನಿಯರ್ ಬೌಲ್‌ನ ಅಭ್ಯಾಸ ಶಿಬಿರ ಸಹಾಯಕ. ಅಲ್ಲಿ ದೊಡ್ಡ ಕಾಲೇಜಿನ ಟ್ಯಾಕಲ್ ಎದುರು ಸಣ್ಣ ಕಾಲೇಜಿನ ಹುಡುಗ ಒಬ್ಬೊಬ್ಬರಾಗಿ ಸೆಣಸುತ್ತಾರೆ. ಆದರೆ ಆ ಸೆಣಸಿನಲ್ಲಿ ನುಗ್ಗುವವನಿಗೆ ಬೇಕಾದಷ್ಟು ಜಾಗ, ತಡೆಯುವವನಿಗೆ ಪಕ್ಕದಲ್ಲಿ ಸಹಾಯಕನಿಲ್ಲ. ಅದನ್ನೂ ಸ್ವಲ್ಪ ಕಳೆದೇ ನೋಡಬೇಕು.

ಅಳತೆಗಳೆಲ್ಲ ನಿರರ್ಥಕ ಎಂದು ಇದರರ್ಥವಲ್ಲ. ತೋಳು ಉದ್ದವಿದ್ದವನು ಟ್ಯಾಕಲ್‌ನನ್ನು ದೂರವಿಡಬಲ್ಲ ಎಂಬುದು ನಿಜವೇ. ಮಿಶಿಗನ್‌ನ ಏಡನ್ ಹಚಿನ್ಸನ್‌ನ ತೋಳು 33 ಅಂಗುಲವೂ ಇಲ್ಲ ಎಂದು 2022ರಲ್ಲಿ ಕೆಲವರು ಗೊಣಗಿದರು. ಎರಡನೆಯ ಸರದಿಯಲ್ಲಿ ಅವನನ್ನು ಆರಿಸಿದ ಡೆಟ್ರಾಯಿಟ್ ಲಯನ್ಸ್‌ಗೆ ಮೊದಲ ವರ್ಷವೇ ಒಂಬತ್ತೂವರೆ ಸ್ಯಾಕ್ ಸಿಕ್ಕವು. ಆತ ತೋಳಿನ ಕೊರತೆಯನ್ನು ಕಾಲಿನ ಚುರುಕಿನಿಂದಲೂ ಬಿಡದ ಹಟದಿಂದಲೂ ತುಂಬಿಕೊಂಡಿದ್ದ. ಪಂದ್ಯದ ಚಿತ್ರ ನೋಡಿದವರಿಗೆ ಅದು ಮೊದಲೇ ಕಂಡಿತ್ತು.

ಗೋಲ್ಸ್ಟನ್‌ನ ಮಟ್ಟಿಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕಾಲೇಜಿನಲ್ಲಿ ಆತ ಬಹುತೇಕ ಕೈಯನ್ನು ನೆಲಕ್ಕೆ ಊರಿ, ಸಾಲಿನ ತುದಿಯಲ್ಲಿ ಬಾಗಿ ನಿಂತು ಆಡುತ್ತಿದ್ದ. ಜೆಟ್ಸ್‌ನ ವ್ಯೂಹ ಬೇರೆ. ಅಲ್ಲಿ ಅವನು ನೆಟ್ಟಗೆ ನಿಂತು ಆಡಬೇಕಿತ್ತು, ಕೆಲವೊಮ್ಮೆ ಹಿಂದೆ ಸರಿದು ಚೆಂಡು ಹಿಡಿಯುವವರನ್ನೂ ಕಾಯಬೇಕಿತ್ತು. ಆಟಗಾರನನ್ನು ಅಳೆದ ತಂಡ, ತಾನು ಅವನಿಗೆ ಕೊಡಲಿರುವ ಕೆಲಸವನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಡವೇ?

ಮನೆಯವರ ಮುಂದಿರುವ ಪ್ರಶ್ನೆ

ಇಷ್ಟೆಲ್ಲ ತಂಡಗಳ ತಲೆನೋವು. ಹುಡುಗನ ಮನೆಯಲ್ಲಿ ಬೇರೆ ಲೆಕ್ಕ ನಡೆದಿರುತ್ತದೆ. ಹೈಸ್ಕೂಲು ಮುಗಿದು ಮೂರು ವರ್ಷವಾಗುವವರೆಗೆ ಯಾರೂ ಎನ್‌ಎಫ್‌ಎಲ್ ಸೇರುವಂತಿಲ್ಲ. ಅದಾದ ಮೇಲೆ ಓದು ಮುಗಿಸದೆ ಹೋಗಬಹುದು; ಸಗ್ಸ್ ಹೋಗಿದ್ದು ಹಾಗೆಯೇ. ಆದರೆ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ಹೇಳುವ ಪ್ರಕಾರ ವರ್ಷಕ್ಕೆ ಡ್ರಾಫ್ಟಿಗೆ ಅರ್ಹರಾಗುವವರು ಸುಮಾರು 16,000. ಆಯ್ಕೆಯಾಗುವವರು 260ರ ಒಳಗೆ. ಡ್ರಾಫ್ಟಿಗೆ ಹೆಸರು ಕೊಟ್ಟು, ಹಿಂತೆಗೆದುಕೊಳ್ಳುವ ಗಡುವೂ ದಾಟಿ, ಆಯ್ಕೆಯಾಗದೆ ಉಳಿದವನಿಗೆ ಕಾಲೇಜು ಮೈದಾನದ ಬಾಗಿಲು ಸಾಮಾನ್ಯವಾಗಿ ಮುಚ್ಚಿದಂತೆಯೇ.

ಇದಕ್ಕಾಗಿ ಎನ್‌ಎಫ್‌ಎಲ್ ತಂಡಗಳ ಪರಿಣತರನ್ನೊಳಗೊಂಡ ಸಲಹಾ ಸಮಿತಿಯೊಂದಿದೆ. ಹುಡುಗ ಕೇಳಿಕೊಂಡರೆ ಅದು ಅವನ ಆಟ ನೋಡಿ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ: ಮೊದಲ ಸುತ್ತಿಗೆ ಅರ್ಹ, ಎರಡನೆಯ ಸುತ್ತಿಗೆ ಅರ್ಹ, ಇಲ್ಲವೇ ಕಾಲೇಜಿನಲ್ಲಿಯೇ ಇರು. ಈ ಮಾತಿಗೆ ಯಾರೂ ಕಟ್ಟುಬೀಳಬೇಕಿಲ್ಲ. ಹಿಂದೆ ಮೂರನೆಯ ಉತ್ತರ ಬಂದರೂ ಬಡತನದ ಒತ್ತಡಕ್ಕೆ ಹೊರಟುಬಿಡುವವರಿದ್ದರು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಭಾವಚಿತ್ರ ಬಳಸಿಕೊಂಡು ಜಾಹೀರಾತುಗಳಿಂದ ಹಣ ಗಳಿಸಲು ಅನುಮತಿ ದೊರೆತಿದೆ. ಅಂದಿನಿಂದ ಓದು ಬಿಟ್ಟು ಬೇಗ ಹೊರಡುವವರ ಸಂಖ್ಯೆ ಇಳಿದಿದೆ. ಇನ್ನೊಂದು ವರ್ಷ ಉಳಿದು, ಎರಡನೆಯ ಪಟ್ಟೊಂದನ್ನು ಕಲಿತು ಬರಲು ಈಗ ಅವರಿಗೆ ಬಿಡುವಿದೆ.