ಒಂದು ಕಿಲೋ ಉಪ್ಪು, 40 ದಿನ

‘ಜ್ವಾಳದ ರೊಟ್ಟಿಗೆ ನಾವು ಉಪ್ಪ ಹಾಕಂಗೇ ಇಲ್ಲಲ್ಲ ಯವ್ವಾ, ಇನ್ನೆಲ್ಲಿ ಕಡಿಮಿ ಮಾಡೂದು?’ ಆಶಾ ಕಾರ್ಯಕರ್ತೆಯಾಗಿ ಮಿಶ್ರಿಕೋಟಿಯ ಓಣಿಗಳಲ್ಲಿ ಬಿಪಿ ಇದ್ದವರ ಮನೆಗೆ ಹೋದಾಗ ಹಿರಿಯರು ನನಗೆ ಹಾಕುವ ಪ್ರಶ್ನೆ ಇದು.

ಅವರ ಮಾತು ಖರೆ. ಆದರೆ ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗೆ ಏನೇನಿದೆ ನೋಡಿ: ಪಲ್ಯ, ಸಾರು, ಶೇಂಗಾ ಚಟ್ನಿ, ರಂಜಕ, ಉಪ್ಪಿನಕಾಯಿ. ಮಜ್ಜಿಗೆಗೆ ಮತ್ತೊಂದು ಚಿಟಿಕೆ. ಕೆಂಪು ಮೆಣಸಿನಕಾಯಿ ಅರೆದು ರಂಜಕ ಮಾಡುವಾಗ ಉಪ್ಪು ಹಿಡಿಗಟ್ಟಲೆ ಬೀಳುತ್ತದೆ, ಇಲ್ಲವಾದರೆ ಅದು ಕೆಡುತ್ತದೆ. ಸಂಜೆಯ ಮಿರ್ಚಿಭಜಿಯ ಸೋಡಾದಲ್ಲೂ, ಹಪ್ಪಳಖಾರದಲ್ಲೂ ಉಪ್ಪಿನಲ್ಲಿರುವ ಸೋಡಿಯಂ ಇದೆ. ರಕ್ತದೊತ್ತಡ ಏರಿಸುವುದು ಅದೇ. ಅದು ಹೆಚ್ಚಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ.

ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದವರು ತಿನ್ನುವುದು ಸರಾಸರಿ 8 ಗ್ರಾಂ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಒಲೆಯ ಮುಂದೆ ಗ್ರಾಂ ತೂಗುವವರು ಯಾರು? ಅಲ್ಲಿ ಕೈಯೇ ಅಳತೆ. ಅದಕ್ಕೇ ಉಪ್ಪಿನ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಸುತ್ತೇನೆ. ಐದು ಮಂದಿ ದೊಡ್ಡವರಿರುವ ಮನೆಗೆ ಒಂದು ಕಿಲೋ ಕನಿಷ್ಠ 40 ದಿನ ಬರಬೇಕು. ದೇಶದ ಸರಾಸರಿಯಂತೆ ಉಂಡರೆ 25 ದಿನಕ್ಕೇ ಮುಗಿಯುತ್ತದೆ. ಈ ಲೆಕ್ಕ ಎಲ್ಲ ಸೊಸೆಯಂದಿರಿಗೂ ತಕ್ಷಣ ತಿಳಿಯುತ್ತದೆ.

ನನ್ನ ಪ್ರಕಾರ ದೊಡ್ಡ ಅಡ್ಡಿ ನಾಲಿಗೆಯಲ್ಲ, ಬೇರೆ ಪಾತ್ರೆ. ಅಜ್ಜಿಗೆಂದು ಸಪ್ಪನೆಯ ಪಲ್ಯ ಬೇರೆ ಮಾಡಿದರೆ ಸೊಸೆಗೆ ಎರಡು ಕೆಲಸ, ಅಜ್ಜಿಗೆ ಒಂಟಿ ಪಂಕ್ತಿ. ‘ನಾನೇನ್ ಪಾಪ ಮಾಡೇನಿ?’ ಎಂದು ಆಕೆ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾಳೆ. ಇಡೀ ಮನೆಯ ಪಲ್ಯಕ್ಕೇ ವಾರವಾರ ತುಸು ತುಸು ಕಡಿಮೆ ಮಾಡಿ, ಹುಣಸೆಹುಳಿ, ಬೆಳ್ಳುಳ್ಳಿ ಒಂದಿಷ್ಟು ಮುಂದೆ ಮಾಡಿದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ‘ಬಿಸಿಲಾಗ ಬೆವರು ಸುರಸ್ತೀವಿ, ನಮಗ ಉಪ್ಪ ಬೇಕ್ರಿ’ ಎನ್ನುವ ಗಂಡಸರೂ ಇದ್ದಾರೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನಿಜ. ಸಾಮಾನ್ಯವಾಗಿ ದಿನದ ಊಟವೇ ಅದನ್ನು ತುಂಬಿಕೊಡುತ್ತದೆ.

ಸೈಂಧವ ಉಪ್ಪಿಗೆ ಬದಲಾದರೆ ಬಿಪಿ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಅದರಲ್ಲೂ ಸೋಡಿಯಂ ಇದೆ, ಗಳಗಂಡ ತಡೆಯುವಷ್ಟು ಅಯೋಡಿನ್ ಮಾತ್ರ ಇರುವುದಿಲ್ಲ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪನ್ನು ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬಳಸಬಾರದು. ಮತ್ತೆ, ಉಪ್ಪು ಕಡಿಮೆ ಮಾಡಿದ್ದೇವೆಂದು ಬಿಪಿ ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ.