ವಿದೇಶಿ ಸರಕಾರದ ಹಣ, ವಿಶ್ವವಿದ್ಯಾನಿಲಯದ ಹೊಣೆ

ಒಂದು ದೇಶದ ಸರಕಾರ ಇನ್ನೊಂದು ದೇಶದ ವಿಶ್ವವಿದ್ಯಾನಿಲಯಕ್ಕೆ ಹಣ ಕೊಟ್ಟರೆ ತಪ್ಪೇನು? ಕೊಡುವುದೇ ತಪ್ಪಲ್ಲ. ಏನು ಕಲಿಸಬೇಕು, ಯಾವುದರ ಬಗ್ಗೆ ಬಾಯಿ ಬಿಡಬಾರದು ಎಂಬ ಶರತ್ತು ಹಣದ ಜತೆ ಗುಟ್ಟಾಗಿ ಬಂದರೆ ಅಪಾಯ. ಈ ವಿಷಯದಲ್ಲಿ ಅಮೆರಿಕದ ಅನುಭವ ಗಮನಾರ್ಹ.

ಅಲ್ಲಿನ 1965ರ ಉನ್ನತ ಶಿಕ್ಷಣ ಕಾಯ್ದೆಗೆ 1986ರಲ್ಲಿ 117ನೇ ಸೆಕ್ಷನ್ ಸೇರಿತು. ಒಂದೇ ವಿದೇಶಿ ಮೂಲದಿಂದ ವರ್ಷದಲ್ಲಿ 2,50,000 ಡಾಲರ್ ಅಥವಾ ಹೆಚ್ಚು ಮೌಲ್ಯದ ಕೊಡುಗೆ, ಒಪ್ಪಂದ ಪಡೆದ ಕಾಲೇಜು ಅದನ್ನು ಶಿಕ್ಷಣ ಇಲಾಖೆಗೆ ತಿಳಿಸಬೇಕು. ಇದು ನಿಷೇಧವಲ್ಲ, ಲೆಕ್ಕ ಒಪ್ಪಿಸುವ ನಿಯಮ. ಆದರೆ ಪಾಲನೆ ಸಡಿಲವಾಗಿತ್ತು. ಚೀನಾ ಸರಕಾರದ ನೆರವಿನ ಕನ್‌ಫ್ಯೂಷಿಯಸ್ ಸಂಸ್ಥೆಗಳಿಗಾಗಿ ಈ ಮಿತಿ ಮೀರಿ ಹಣ ಪಡೆದ ಕಾಲೇಜುಗಳ ಪೈಕಿ ಸುಮಾರು ಶೇ. 70ರಷ್ಟು ಸರಿಯಾಗಿ ವರದಿ ಮಾಡಿರಲಿಲ್ಲವೆಂದು 2019ರಲ್ಲಿ ಸೆನೆಟ್ ಉಪಸಮಿತಿ ತಿಳಿಸಿತು.

ಇನ್ನೊಂದು ಅತಿರೇಕವೂ ನಡೆಯಿತು. ಗೂಢಚರ್ಯೆ ತಡೆಯಲೆಂದು ನ್ಯಾಯ ಇಲಾಖೆ 2018ರಲ್ಲಿ ಆರಂಭಿಸಿದ 'ಚೀನಾ ಇನಿಶಿಯೇಟಿವ್' ಅಡಿಯಲ್ಲಿ ಚೀನಾ ಮೂಲದ ಪ್ರಾಧ್ಯಾಪಕರೂ ಆರೋಪಿಗಳಾದರು. ಹಲವು ಪ್ರಕರಣಗಳು ಬಿದ್ದುಹೋದವು. 2022ರಲ್ಲಿ ಕಾರ್ಯಕ್ರಮವೇ ನಿಂತಿತು.

ನಮ್ಮ ದೇಶದ ಎಫ್.ಸಿ.ಆರ್.ಎ. ಕಾಯ್ದೆಯ ದಾರಿ ಬೇರೆ: ವಿದೇಶಿ ದೇಣಿಗೆ ಪಡೆಯುವ ಮೊದಲೇ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವರಿಗೆ ಇದು ಹೊಸದಲ್ಲ.

ಕಾನೂನು ಯಾವುದೇ ಇರಲಿ, ಹಣದ ಲೆಕ್ಕ ಮತ್ತು ಒಪ್ಪಂದದ ಶರತ್ತುಗಳನ್ನು ಅದು ಕಡ್ಡಾಯವಾಗಿ ಕೇಳಲಿ. ಆದರೆ ಕಲಿಸುವವರ, ಕಲಿಯಬಂದವರ ಹುಟ್ಟೂರನ್ನೇ ಅಪರಾಧವೆಂದು ಎಣಿಸದಿರಲಿ ಎಂಬುದು ನಮ್ಮ ಅಭಿಪ್ರಾಯ.